ಕೋಣಗಳೆಲ್ಲಿ?: ಡಿಸ್ಕ್ ಗಾಲ್ಫ್ ಕಾಮೆಂಟರಿಯ ಮುಂದಿನ ದಾರಿ

ಅಧ್ಯಕ್ಷರೆ, ಭಾನುವಾರದ ಮೆಗಾಬ್ಲಾಕ್ ದಾಟಿ ಡೊಂಬಿವಲಿ, ಮೀರಾ ರೋಡ್, ನೆರೂಲ್‌ಗಳಿಂದ ಮಾತುಂಗಕ್ಕೆ ಬಂದ ಬಂಧುಗಳೆ,

ನನಗೆ ಮೂವತ್ತು ನಿಮಿಷ ಎಂದಿದ್ದರು. ಅದರಲ್ಲಿ ಹನ್ನೆರಡನ್ನು ಸ್ವಾಗತ ಭಾಷಣವೇ ತಿಂದಿತು. ನನ್ನ ಬಳಿಕ ತಾಳಮದ್ದಲೆ ಇದೆ. ಭಾಗವತರು ಆಗಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಾರೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದ ಆರು ಮಂದಿ ಹುಡುಗ ಹುಡುಗಿಯರು ಇಂದಿನಿಂದ ಡಿಸ್ಕ್ ಗಾಲ್ಫ್ ಪಂದ್ಯಗಳನ್ನು ಕನ್ನಡದಲ್ಲಿ ತೋರಿಸಲು ಹೊರಟಿದ್ದಾರೆ. ಗೊತ್ತಿಲ್ಲದವರಿಗೆ: ಚೆಂಡಿನ ಬದಲು ತಟ್ಟೆ ಎಸೆದು, ಕಂಬಕ್ಕೆ ಕೂರಿಸಿದ ಸರಪಳಿಯ ಬುಟ್ಟಿಗೆ ಹಾಕುವ ಗಾಲ್ಫ್ ಇದು, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಅವರಲ್ಲಿ ಎರಡು ಕ್ಯಾಮೆರಾ ಇವೆ, ಒಂದು ಮೈಕ್ ಇದೆ, ಉತ್ಸಾಹ ಸಾಕಷ್ಟಿದೆ. ಆಶೀರ್ವಾದ ಮಾಡಲು ನನ್ನನ್ನು ಕರೆದರು. ನಾನು ಬೈಯಲು ಬಂದಿದ್ದೇನೆ.

ಮೊದಲು ಒಂದು ಕಂಬಳದ ಮಾತು. 2020ರ ಫೆಬ್ರವರಿ ನಿಮಗೆಲ್ಲ ನೆನಪಿದೆ. ಐಕಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಕೋಣ ಓಡಿಸಿದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟರ ದಾಖಲೆ 9.58. ದೇಶವೆಲ್ಲ ಕುಣಿಯಿತು, ದೆಹಲಿಯ ಚಾನೆಲ್‌ಗಳು ಕುಣಿದವು, ನಮ್ಮ ಅಂಧೇರಿಯ ಹೋಟೆಲಿನ ಗಲ್ಲಾದ ಮೇಲೂ ಅದೇ ವಿಡಿಯೊ. ಆ ಚರ್ಚೆಗಳನ್ನು ನೋಡುತ್ತಾ ನನ್ನ ಅತ್ತೆ, ಆಗ ಅವರಿಗೆ ಎಂಬತ್ತು ದಾಟಿತ್ತು, ಒಂದೇ ಪ್ರಶ್ನೆ ಕೇಳಿದರು: “ಅಲ್ಲ, ಕೋಣಗಳೆಲ್ಲಿ?” ಓಡಿಸಿದವನ ಬಗ್ಗೆ ಒಂದು ಗಂಟೆ ಮಾತಾಡಿದರು, ಮುಂದೆ ಎಳೆದ ಜೋಡಿಯ ಬಗ್ಗೆ ಒಬ್ಬನೂ ಬಾಯಿ ಬಿಡಲಿಲ್ಲ. ಗೌಡರೇ ಆ ಹೊಗಳಿಕೆಯಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ವಾಹಿನಿಗಳು ಕೊಡಲಿಲ್ಲ.

ಇಂದಿನ ನನ್ನ ಇಡೀ ಉಪನ್ಯಾಸ ಅತ್ತೆಯ ಆ ಒಂದು ಪ್ರಶ್ನೆ. ಉಳಿದದ್ದು ವಿಸ್ತರಣೆ.

ಈಗ 2021ರ ಜೂನ್ ತಿಂಗಳ ಕಡೆಯ ಭಾನುವಾರದ ನಸುಕಿಗೆ ಬನ್ನಿ. ಲೋಕಲ್ ರೈಲು ಜನಸಾಮಾನ್ಯರಿಗೆ ಇನ್ನೂ ತೆರೆದಿರಲಿಲ್ಲ. ಪತ್ರಿಕೆಯ ಕ್ರೀಡಾಪುಟದ ಕೆಲಸವನ್ನು ನಾನು ಮುಲುಂಡಿನ ಅಡುಗೆಮನೆಯಿಂದಲೇ ಮಾಡುತ್ತಿದ್ದೆ. ಫ್ರಿಜ್ಜಿನ ಮೇಲೆ ಲ್ಯಾಪ್‌ಟಾಪ್, ಒಲೆಯ ಮೇಲೆ ಚಹಾ. ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತು ನಡೆದಿತ್ತು. ಪಾಲ್ ಮೆಕ್‌ಬೆತ್ ಒಂದು ಎಸೆತದಿಂದ ಮುಂದಿದ್ದ. ಅದೇ ವರ್ಷ ಡಿಸ್ಕ್‌ಕ್ರಾಫ್ಟ್ ಕಂಪನಿಯೊಂದಿಗೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡವನು. ಜೇಮ್ಸ್ ಕಾನ್ರಾಡ್ ಹಿಂದಿದ್ದ. ಉದ್ದ ಕೂದಲು, ಗಡ್ಡ. ನಮ್ಮಲ್ಲಾಗಿದ್ದರೆ ಜನ ಅವನಿಂದ ತೀರ್ಥ ಕೇಳುತ್ತಿದ್ದರು. ಕೊನೆಯ ಹೋಲ್, ಅಂದರೆ ಕೊನೆಯ ಬುಟ್ಟಿಯ ಸರದಿ. ಬುಟ್ಟಿ 247 ಅಡಿ ದೂರ. ಲೆಕ್ಕ ಬೇಕಿದ್ದವರಿಗೆ, ಲೋಕಲ್ ರೈಲಿನ ಮೂರೂವರೆ ಡಬ್ಬಿ. ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಕಥೆ ಮುಗಿಯಿತು. ಅವನು ಕೈಗೆತ್ತಿಕೊಂಡದ್ದು ದೂರ ಹೋಗುವ ಡ್ರೈವರ್ ಅಲ್ಲ, ಬುಟ್ಟಿಯ ಹತ್ತಿರ ಬಳಸುವ ಪಟರ್. ಎಸೆದ.

ನನ್ನ ಹೆಂಡತಿ ಅದೇ ಹೊತ್ತಿಗೆ ಎದ್ದು ಬಂದು “ಚಹಾ ಉಕ್ಕುತ್ತಿದೆ” ಎಂದಳು. ಉಕ್ಕಲಿ ಎಂದೆ. ತಟ್ಟೆ ಗಾಳಿಯಲ್ಲಿ ತೇಲಿ, ಇನ್ನೇನು ಬಿತ್ತು ಎನ್ನುವಾಗ ಸರಪಳಿಗೆ ಬಡಿಯಿತು. ಆ ಸದ್ದು! ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಗುಜರಾತಿ ಯಜಮಾನರು ಮಾಸ್ಕ್ ಹಾಕಿಕೊಂಡೇ ಬಾಗಿಲು ತಟ್ಟಿದರು. ಮನೆಯಲ್ಲಿ ಯಾರಿಗೋ ಏನೋ ಆಯಿತು ಎಂದುಕೊಂಡಿದ್ದರು ಪಾಪ. ಆ ವರ್ಷ ಬೆಳಗಿನ ಜಾವ ಕೂಗು ಕೇಳಿದರೆ ಹಾಗೆಯೇ ಅನ್ನಿಸುತ್ತಿತ್ತು. ಪಂದ್ಯ ಸಮವಾಯಿತು, ಸಮವಾದಾಗ ಆಡಿಸುವ ಹೆಚ್ಚುವರಿ ಆಟ ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದ, ಒಲೆ ಒರೆಸಿದ್ದು ನಾನು.

ಮುಂದಿನದು ಮುಖ್ಯ. ನಾನು ಇನ್ನೂರು ಪದ ಬರೆದು ಕಳಿಸಿದೆ. ಅಚ್ಚಾದದ್ದು ಪುಟದ ಮೂಲೆಯಲ್ಲಿ ಎರಡು ಸಾಲು: ತಟ್ಟೆ ಎಸೆದು ವಿಶ್ವ ಚಾಂಪಿಯನ್ ಆದ ಗಡ್ಡಧಾರಿ. ಮೊಬೈಲಿನಲ್ಲಿ ಹತ್ತು ಸೆಕೆಂಡಿನ ತುಣುಕು ಊರೆಲ್ಲ ಸುತ್ತಿತು. ಎಸೆತವಿತ್ತು, ಬುಟ್ಟಿಯಿತ್ತು. ಅವನು ಒಂದು ಎಸೆತ ಹಿಂದಿದ್ದನೆಂಬುದು ಇರಲಿಲ್ಲ, ಎದುರಾಳಿ ಯಾರೆಂಬುದು ಇರಲಿಲ್ಲ, ಅಷ್ಟು ದೂರಕ್ಕೆ ಪಟರ್ ಯಾಕೆ ಎಂಬುದು ಇರಲಿಲ್ಲ. ಕೋಣಗಳೆಲ್ಲಿ?

ತುಣುಕು ಬೇಡ ಎನ್ನುತ್ತಿಲ್ಲ. ಈ ಆಟಕ್ಕೆ ಹೊಸಬರನ್ನು ಕರೆತರುವುದು ಅದೇ. ಆದರೆ ಬಂದವನನ್ನು ಕೂರಿಸಿಕೊಳ್ಳುವುದು ಮಾತು. ಈ ಆಟದ ವಿಡಿಯೊ ಮಾಡುವ ಜೋಮೆಜ್ ಪ್ರೊಡಕ್ಷನ್ಸ್ ಯೂಟ್ಯೂಬಿನಲ್ಲಿ ಮಾಡಿದ್ದನ್ನು ನೋಡಿ. ಸುತ್ತು ಮುಗಿದ ಮೇಲೆ ರಾತ್ರಿಯೆಲ್ಲ ಕುಳಿತು ಸಂಕಲಿಸಿ ಮರುದಿನ ಉಚಿತವಾಗಿ ತೋರಿಸುತ್ತಿದ್ದರು. ಮಾತಾಡುತ್ತಿದ್ದವರು ನೇಟ್ ಸೆಕ್ಸ್ಟನ್ ಮತ್ತು ಜೆರೆಮಿ ಕೋಲಿಂಗ್. ಇಬ್ಬರೂ ವೃತ್ತಿಪರರ ಪಂದ್ಯಸರಣಿಯಾದ ಟೂರಿನಲ್ಲಿ ಆಡಿದವರು. ಸೆಕ್ಸ್ಟನ್ 2017ರ ಅಮೆರಿಕ ಚಾಂಪಿಯನ್. ಎಸೆಯುವ ಮುನ್ನವೇ ಹೇಳುತ್ತಿದ್ದರು: ಗಾಳಿ ಎದುರಿದೆ, ತಟ್ಟೆ ಬಲಕ್ಕೆ ತಿರುಗೀತು, ಆ ಮರ ತಪ್ಪಿಸಲು ಹೈಜರ್, ಅಂದರೆ ಹೊರ ಅಂಚನ್ನು ಕೆಳಕ್ಕೆ ವಾಲಿಸಿದ ಎಸೆತ, ಬೇಕು. ಎಸೆದ ಮೇಲೆ ಸುಮ್ಮನೆ. ತಾಳಮದ್ದಲೆಯ ಒಳ್ಳೆಯ ಅರ್ಥಧಾರಿಯೂ ಅಷ್ಟೇ ತಾನೆ, ಪದ ಎತ್ತಿದಾಗ ಬಾಯಿ ಮುಚ್ಚುತ್ತಾನೆ. ಭಾಗವತರು ತಲೆ ಆಡಿಸಿದರು, ಧನ್ಯವಾದ.

2020ರಲ್ಲಿ ಡಿಸ್ಕ್ ಗಾಲ್ಫ್ ನೆಟ್‌ವರ್ಕ್ ಬಂತು. ಚಂದಾ ಕೊಟ್ಟು ನೇರ ಪ್ರಸಾರ. ಟೂರಿಗೆ ಹಣ ಬೇಕು, ಒಪ್ಪುತ್ತೇನೆ. ಆದರೆ ನೇರ ಪ್ರಸಾರದಲ್ಲಿ ಆಟಗಾರ ನಡೆಯುವ ಹೊತ್ತೇ ಹೆಚ್ಚು, ಎಸೆಯುವ ಹೊತ್ತು ಕಡಿಮೆ. ಆ ಖಾಲಿ ಜಾಗ ತುಂಬಲು ಬಾಯಿಗೆ ಬಂದದ್ದು ಆಡುತ್ತಾರೆ. ಖಾಲಿಯನ್ನು ಕಂಡು ಹೆದರುವ ಕಾಮೆಂಟೇಟರ್ ಈ ಆಟಕ್ಕೆ ಬೇಡ. ಮರ, ಗಾಳಿ, ಹಕ್ಕಿ ಕೇಳಲಿ ಬಿಡಿ. ಮುಂಬಯಿಯಲ್ಲಾದರೆ ಹಾರ್ನ್ ಕೇಳುತ್ತದೆ, ಅದೂ ಇರಲಿ.

ನಿಮಗೆ ನನ್ನ ಸಲಹೆ: ನೇರ ಪ್ರಸಾರದ ಹುಚ್ಚು ಬಿಡಿ, ಮರುದಿನ ತೋರಿಸಿ. ಎರಡು ಕ್ಯಾಮೆರಾದಲ್ಲಿ ಒಂದು ಎಸೆಯುವವನ ಹಿಂದೆ, ಇನ್ನೊಂದು ಬುಟ್ಟಿಯ ಬಳಿ. ಆಕಾಶದಲ್ಲಿ ಬಿಳಿ ತಟ್ಟೆ ಕಾಣುವುದಿಲ್ಲ, ಆಟಗಾರರಿಗೆ ಕೈಮುಗಿದು ಕಿತ್ತಳೆ ಬಣ್ಣದ್ದು ತರಿಸಿ. ಡ್ರೋನ್ ಎಂದಿರಿ. ಈ ಊರಿನಲ್ಲಿ ಡ್ರೋನ್ ಹಾರಿಸಿದರೆ ಮೊದಲು ಬರುವ ಪ್ರೇಕ್ಷಕರು ಪೊಲೀಸರು.

ಪದಗಳ ವಿಷಯ ದೊಡ್ಡದು, ಸಮಯ ಚಿಕ್ಕದು. ಹೈಜರ್, ತಟ್ಟೆ ಕೊನೆಗೆ ಪಕ್ಕಕ್ಕೆ ಬಾಗುವ ಫೇಡ್, ಇವು ಹಾಗೆಯೇ ಇರಲಿ. ಕ್ರಿಕೆಟಿನ ಗೂಗ್ಲಿಯನ್ನು ಯಾರೂ ಅನುವಾದಿಸಲಿಲ್ಲ, ಆಕಾಶವೇನೂ ಬೀಳಲಿಲ್ಲ. ಬುಟ್ಟಿ, ಸರಪಳಿ, ವಾಲಿಸು, ತೇಲು ಇವೆಲ್ಲ ನಮ್ಮಲ್ಲೇ ಇವೆ. ತಟ್ಟೆ ಎನ್ನಬೇಕೋ ಡಿಸ್ಕ್ ಎನ್ನಬೇಕೋ ಎಂದು ನೀವು ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ದಿನ ಜಗಳವಾಡಿದಿರಂತೆ. ನಾನು ಎರಡನ್ನೂ ಬಳಸುತ್ತೇನೆ. ಆದರೆ ಊರಿನಲ್ಲಿ ತಟ್ಟೆ ಎಸೆದರು ಎಂದರೆ ಅಣ್ಣ ತಮ್ಮಂದಿರಿಗೆ ಪಾಲಾಯಿತು ಎಂದು ಅರ್ಥ.

ಹೆಣ್ಣುಮಕ್ಕಳ ಆಟದ ಬಗ್ಗೆ ಎರಡು ಪುಟ ಬರೆದು ತಂದಿದ್ದೆ. ಒಂದೇ ಮಾತು ಹೇಳಿಬಿಡುತ್ತೇನೆ: 2022 ಮತ್ತು 2023ರ ವಿಶ್ವ ಚಾಂಪಿಯನ್ ಕ್ರಿಸ್ಟಿನ್ ಟಟ್ಟರ್ ಎಸ್ಟೋನಿಯಾದವಳು. ಆ ದೇಶದ ಜನಸಂಖ್ಯೆ ಹದಿನಾಲ್ಕು ಲಕ್ಷವೂ ಇಲ್ಲ. ಮುಂಬಯಿ ಕನ್ನಡಿಗರು ಎಷ್ಟೆಂದು ನಮ್ಮ ಸಂಘಗಳು ಒಂದೊಂದು ಭಾಷಣದಲ್ಲಿ ಒಂದೊಂದು ಲೆಕ್ಕ ಹೇಳುತ್ತವೆ, ಅದಿರಲಿ. ಚಿಕ್ಕ ಭಾಷೆಯವರಿಗೆ ಈ ಆಟದಲ್ಲಿ ಜಾಗವಿದೆ. ಪ್ರಾಯೋಜಕರ ವಿಷಯ, ಅಂಕಗಳ ವಿಷಯ... ಚೀಟಿ ಬಂತು. ಐದು ನಿಮಿಷ. ಅಲ್ಲ, ಎರಡು.

ಹಾಗಾದರೆ ಸರಪಳಿಯ ಮಾತು ಹೇಳಿ ಇಳಿಯುತ್ತೇನೆ. ಬುಟ್ಟಿಗೆ ಸರಪಳಿ ಕಟ್ಟಿ ಪೇಟೆಂಟ್ ಪಡೆದವರು ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಈ ಆಟದ ಮೊದಲ ಕಾಯಂ ಅಂಗಳ ಮಾಡಿದವರೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ನಮ್ಮವರಾದರೆ ಗೋಕರ್ಣಕ್ಕೆ ಹೋಗುತ್ತಿದ್ದರು, ಅವರು ಬುಟ್ಟಿಗೆ ಹೋದರು. ಹೆಡ್ರಿಕ್ ಸರಪಳಿ ಕಟ್ಟಿದ್ದು ತಟ್ಟೆಯನ್ನು ತಡೆಯಲು. ನಮಗೆ ಸಿಕ್ಕಿದ್ದು ಆ ಸದ್ದು. ನಿಮ್ಮಲ್ಲಿರುವುದು ಒಂದೇ ಮೈಕ್. ಅದನ್ನು ಕಾಮೆಂಟೇಟರನ ಕೈಗೆ ಕೊಡಬೇಡಿ, ಅವನು ಮರುದಿನ ಮನೆಯಲ್ಲಿ ಮೊಬೈಲಿನಲ್ಲೇ ಮಾತಾಡಿಕೊಳ್ಳಲಿ. ಮೈಕನ್ನು ಬುಟ್ಟಿಯ ಕೆಳಗೆ, ಕಂಬಕ್ಕೆ ಟೇಪ್ ಸುತ್ತಿ ಕಟ್ಟಿ. ಮಳೆಗಾಲದಲ್ಲಿ ಮೇಲೊಂದು ಹಾಲಿನ ಪ್ಯಾಕೆಟ್ ಹೊದಿಸಿ, ತೊಳೆದದ್ದು.

ಭಾಗವತರೆ, ಬನ್ನಿ.