ಬೆರಳಿನ ಶಾಯಿ

ನಮಸ್ಕಾರ. ಚುನಾವಣೆ ಹಿಂಸೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಕಲ್ಲು, ಬೆಂಕಿ, ಒಡೆದ ಮತಪೆಟ್ಟಿಗೆ. ನನಗೆ ಮಾತ್ರ ‘ಮತದಾನ ಶಾಂತವಾಗಿ ಮುಗಿಯಿತು’ ಎಂಬ ಸುದ್ದಿ ಕೇಳಿದಾಗಲೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಹೆದರಿಸುವ ಕೆಲಸ ಅಷ್ಟರಲ್ಲೇ ಮುಗಿದಿರಬಹುದು, ಅಲ್ವಾ?

ಕೀನ್ಯಾದಲ್ಲಿ 2007ರ ಡಿಸೆಂಬರ್ ಚುನಾವಣೆಯ ಫಲಿತಾಂಶ ಬಂದ ಮೇಲೆ ಗಲಭೆ ಎದ್ದು 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಬಿಟ್ಟು ಓಡಿದರು. ಅದರ ಭಯ ಅಲ್ಲಿಗೇ ನಿಲ್ಲಲಿಲ್ಲ. 2013ರ ಚುನಾವಣೆ ಹತ್ತಿರ ಬಂದಾಗ, ಇನ್ನೂ ಯಾರೂ ಕಲ್ಲು ಎತ್ತದೇ ಇದ್ದರೂ, ಎಷ್ಟೋ ಮಂದಿ ಗಂಟುಮೂಟೆ ಕಟ್ಟಿಕೊಂಡು ತಮ್ಮ ಸಮುದಾಯದವರು ಜಾಸ್ತಿ ಇರುವ ಕಡೆಗೆ ಹೊರಟುಬಿಟ್ಟರು. ಹೆಸರು ಇರುವ ಮತಗಟ್ಟೆ ಒಂದು ಕಡೆ, ಮತದಾರ ಇನ್ನೊಂದು ಕಡೆ.

ಇನ್ನು ಜಿಂಬಾಬ್ವೆ. 2008ರ ಮಾರ್ಚ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮೊದಲ ಸುತ್ತು ನಡೆಯಿತು. ವಿರೋಧ ಪಕ್ಷದ ಮಾರ್ಗನ್ ಚಾಂಗಿರಾಯ್‌ಗೆ ಶೇ 47.9 ಮತ, 1980ರಿಂದ ಅಧಿಕಾರದಲ್ಲಿದ್ದ ರಾಬರ್ಟ್ ಮುಗಾಬೆಗೆ ಶೇ 43.2. ಯಾರೂ ಅರ್ಧ ದಾಟಲಿಲ್ಲ, ಹಾಗಾಗಿ ಜೂನ್ 27ಕ್ಕೆ ಎರಡನೇ ಸುತ್ತು. ನಡುವೆ ಸಿಕ್ಕ ಮೂರು ತಿಂಗಳಲ್ಲಿ ವಿರೋಧ ಪಕ್ಷಕ್ಕೆ ಮತ ಹಾಕಿದವರು ಎಂದು ಅನುಮಾನ ಬಂದವರನ್ನೆಲ್ಲ ಹುಡುಕಿ ಹುಡುಕಿ ಹೊಡೆದರು, ಮನೆ ಸುಟ್ಟರು, ಕೊಂದರು. ಮತದಾನಕ್ಕೆ ಐದು ದಿನ ಇರುವಾಗ ಚಾಂಗಿರಾಯ್ ಹಿಂದೆ ಸರಿದರು.

ಎದುರಾಳಿಯೇ ಹಿಂದೆ ಸರಿದ ಮೇಲೆ ಮತ ಹಾಕಲು ಯಾಕೆ ಹೋಗಬೇಕು, ಮನೆಯಲ್ಲಿ ಸುಮ್ನೆ ಇರಬಹುದಲ್ಲ? ಇರಲಾಗಲಿಲ್ಲ. ಒಬ್ಬರೇ ಎರಡು ಸಲ ಮತ ಹಾಕದಿರಲಿ ಎಂದು ಬೆರಳಿಗೆ ಶಾಯಿ ಹಚ್ಚುತ್ತಾರಲ್ಲ, ಆ ಶಾಯಿ ಇಲ್ಲದ ಬೆರಳು ಕಂಡರೆ ಏಟು ಗ್ಯಾರಂಟಿ ಎಂಬ ಹೆದರಿಕೆ ಹಬ್ಬಿತ್ತು. ಮೋಸ ತಡೆಯಲು ಇದ್ದ ಗುರುತು ಈಗ ಮೈ ಉಳಿಸಿಕೊಳ್ಳುವ ಪಾಸು. ಅದಕ್ಕೋಸ್ಕರವೇ ಹೋಗಿ ಸಾಲಿನಲ್ಲಿ ನಿಂತವರು ಎಷ್ಟೋ.

ಮುಗಾಬೆಗೆ ಶೇ 85ಕ್ಕೂ ಹೆಚ್ಚು ಮತ ಬಂತು. ಅಂಕಿ ನೋಡಿದರೆ ಭಾರಿ ಗೆಲುವು. ಆದರೆ ಅದೇ ಲೆಕ್ಕದ ಕೆಳಗಿನ ಸಾಲಿನಲ್ಲಿ ಇನ್ನೊಂದು ಸಂಖ್ಯೆ ಇದೆ: ಕುಲಗೆಟ್ಟ ಮತಗಳು, ಸುಮಾರು 1.31 ಲಕ್ಷ. ಮೊದಲ ಸುತ್ತಿನಲ್ಲಿ ಇದ್ದದ್ದು 40 ಸಾವಿರದಷ್ಟು. ಮೂರು ತಿಂಗಳಲ್ಲಿ ಇಷ್ಟು ಜನ ಮತ ಹಾಕುವುದನ್ನೇ ಮರೆತರು ಎಂದು ನನಗಂತೂ ಅನಿಸುವುದಿಲ್ಲ. ಮರೆಯ ಹಿಂದೆ ಚೀಟಿ ಕೆಡಿಸಿ, ಮಡಚಿ, ಪೆಟ್ಟಿಗೆಗೆ ಹಾಕಿ ಹೊರಬಂದರು. ಅವರ ಬೆರಳಿನಲ್ಲೂ ಶಾಯಿ ಇತ್ತು.