ಸುಲಭವಾದುದನ್ನು ಹೇರಳವಾಗಿ: ಇಂಗ್ಲಿಷ್ ಕಲಿಸುವವರು ಸಾಮಗ್ರಿ ಆರಿಸುವ ಬಗೆ

ಮಾನ್ಯ ಅಧ್ಯಕ್ಷರೆ, ಭಾಷಾ ಬೋಧನೆಯಲ್ಲಿ ತೊಡಗಿರುವ ಗೆಳೆಯರೆ,

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಪದಸಂಪತ್ತು, ಓದು ಮತ್ತು ಬರವಣಿಗೆ ಕಲಿಸಲು ಯಾವ ಸಾಮಗ್ರಿ ಒಳ್ಳೆಯದು ಎಂದು ಹೇಳುವಂತೆ ಕೇಳಿದ್ದೀರಿ. ವರ್ಕ್‌ಶೀಟು, ಆ್ಯಪು, ವಿಡಿಯೊ, ಪದಪಟ್ಟಿ ಎಲ್ಲವೂ ಇಂದು ರಾಶಿ ರಾಶಿಯಾಗಿ ಸಿಗುತ್ತವೆ. ಆದರೂ ವರ್ಷಗಟ್ಟಲೆ ಇಂಗ್ಲಿಷ್ ಕಲಿತವರು ಒಂದು ಪುಟವನ್ನು ತಡವರಿಸದೆ ಓದಲಾರದೆ, ನಾಲ್ಕು ಸಾಲು ಸ್ವಂತವಾಗಿ ಬರೆಯಲಾರದೆ ಉಳಿಯುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ನಾವು ಅವರ ಕೈಗಿಡುವ ಪಠ್ಯ ತೀರಾ ಕಷ್ಟದ್ದು, ಪ್ರಮಾಣದಲ್ಲಿ ತೀರಾ ಕಡಿಮೆ ಎಂಬುದೇ ಇದಕ್ಕೆ ಮುಖ್ಯ ಕಾರಣ ಎಂದು ನಾನು ದೃಢವಾಗಿ ನಂಬಿದ್ದೇನೆ. ಸುಲಭವಾದುದನ್ನು ಹೇರಳವಾಗಿ ಓದಿಸಬೇಕು. ಈ ಮಾತನ್ನು ಈ ಹೊತ್ತು ಮತ್ತೆ ಮತ್ತೆ ಹೇಳಲಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಕಷ್ಟ, ಸುಲಭ ಎಂಬುದನ್ನು ಅಂದಾಜಿನ ಮೇಲೆ ಬಿಡಬೇಕಾಗಿಲ್ಲ, ಅದನ್ನು ಎಣಿಸಬಹುದು. ಹೂ ಮತ್ತು ಪಾಲ್ ನೇಶನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕತೆಯೊಂದನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ಅದರಲ್ಲಿರುವ ಪದಗಳಲ್ಲಿ ಶೇಕಡ 98ರಷ್ಟು ಮೊದಲೇ ಗೊತ್ತಿರಬೇಕು. ಶೇಕಡ 95 ಗೊತ್ತಿದ್ದರೆ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. 250 ಪದಗಳ ಒಂದು ಪುಟವನ್ನು ತೆಗೆದುಕೊಳ್ಳಿ. ಶೇಕಡ 98 ಗೊತ್ತಿರುವ ಓದುಗನಿಗೆ ಅಲ್ಲಿ ಎದುರಾಗುವ ಅಪರಿಚಿತ ಪದಗಳು ಐದು, ಅವುಗಳ ಅರ್ಥವನ್ನು ಸುತ್ತಲಿನ ವಾಕ್ಯಗಳಿಂದ ಊಹಿಸಿಕೊಂಡು ಅವನು ಮುಂದೆ ಸಾಗುತ್ತಾನೆ. ಶೇಕಡ 95 ಗೊತ್ತಿರುವವನಿಗೆ ಹನ್ನೆರಡು ಹದಿಮೂರು ಪದಗಳು, ಅಂದರೆ ಎರಡು ಸಾಲಿಗೊಂದರಂತೆ, ಅಡ್ಡ ಬರುತ್ತವೆ. ಊಹೆಗೆ ಆಧಾರವಾಗಬೇಕಿದ್ದ ಸುತ್ತಲಿನ ವಾಕ್ಯವೇ ಅವನಿಗೆ ಮಸುಕಾಗಿರುತ್ತದೆ. ನಮ್ಮ ಬಹುಪಾಲು ಪಠ್ಯಪುಸ್ತಕಗಳ ಪಾಠಗಳು ಈ ಎರಡನೆಯ ಮಟ್ಟಕ್ಕಿಂತಲೂ ಕಠಿಣವಾಗಿವೆ. ಅಲ್ಲಿ ನಡೆಯುವುದನ್ನು ಓದು ಎನ್ನಲಾಗದು. ಮೇಷ್ಟ್ರು ಅರ್ಥ ಬಿಡಿಸಿ ಹೇಳುತ್ತಾರೆ, ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಅಷ್ಟೆ.

ಕಾದಂಬರಿಯನ್ನೋ ಪತ್ರಿಕೆಯನ್ನೋ ಆ ಶೇಕಡ 98ರ ಮಟ್ಟದಲ್ಲಿ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಪದಕುಟುಂಬ) ಬೇಕೆಂದು ನೇಶನ್ 2006ರಲ್ಲಿ ಲೆಕ್ಕಹಾಕಿದರು. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಪದಗಳದೆಂದು ಮೈಕೇಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪದಪಟ್ಟಿಯಲ್ಲಿ ಇರುವುದು ಸುಮಾರು ಎರಡು ಸಾವಿರ ಪದಗಳು. ಎರಡು ಸಾವಿರದಿಂದ ಎಂಟು ಸಾವಿರದವರೆಗಿನ ದೂರವನ್ನು ತರಗತಿಯಲ್ಲಿ ಪಾಠ ಮಾಡಿ ಕ್ರಮಿಸಲು ಯಾವ ಶಿಕ್ಷಕರಿಗೂ ಸಾಧ್ಯವಿಲ್ಲ, ಓದಿಯೇ ಕ್ರಮಿಸಬೇಕು. ಕೆಲವು ನೂರು ಪದಗಳಿಂದ ಆರಂಭಿಸಿ ಎರಡು ಮೂರು ಸಾವಿರ ಪದಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗ್ರೇಡೆಡ್ ರೀಡರ್‌ಗಳು ಹುಟ್ಟಿದ್ದು ಆ ದಾರಿಯ ಮೊದಲ ಭಾಗಕ್ಕಾಗಿಯೇ. ಒಂದೇ ಒಂದು ಬಗೆಯ ಸಾಮಗ್ರಿಗೆ ಹಣ ಇದೆ ಎಂದಾದರೆ ಅದನ್ನು ಇವುಗಳಿಗೆ ಖರ್ಚು ಮಾಡಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಫಿಜಿ ದ್ವೀಪಗಳ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಸಂಶೋಧಕರು ಒಂದು ಪ್ರಯೋಗ ನಡೆಸಿದರು. ಅದರ ವರದಿ 1983ರಲ್ಲಿ ಬಂತು. ಆ ಮಕ್ಕಳ ಮನೆಮಾತು ಇಂಗ್ಲಿಷ್ ಆಗಿರಲಿಲ್ಲ. ಕೈಗೆ ಸಿಗುವ ಪುಸ್ತಕಗಳೂ ಬಹಳ ಕಡಿಮೆ. ವ್ಯಾಕರಣದ ಮಾದರಿ ವಾಕ್ಯಗಳನ್ನು ಬಾಯಿಪಾಠದಂತೆ ಹೇಳಿಸುವುದೇ ಅಲ್ಲಿನ ರೂಢಿಯ ಪಾಠಕ್ರಮವಾಗಿತ್ತು. ಪ್ರಯೋಗಕ್ಕೆ ಆರಿಸಿದ ತರಗತಿಗಳಿಗೆ ಸುಮಾರು 250ರಂತೆ ಚಿತ್ರಗಳಿರುವ ಕತೆಪುಸ್ತಕಗಳನ್ನು ಒದಗಿಸಿದರು. ಕೆಲವು ತರಗತಿಗಳಲ್ಲಿ ಮಕ್ಕಳು ದಿನವೂ ಸ್ವಲ್ಪ ಹೊತ್ತು ತಮಗೆ ಬೇಕಾದ ಪುಸ್ತಕ ಹಿಡಿದು ಮೌನವಾಗಿ ಓದಿದರು. ಉಳಿದವುಗಳಲ್ಲಿ ಶಿಕ್ಷಕರು ಮಕ್ಕಳೊಂದಿಗೆ ಕೂಡಿ ಗಟ್ಟಿಯಾಗಿ ಓದಿ, ಕತೆಯ ಬಗ್ಗೆ ಮಾತನಾಡಿಸಿದರು. ಪರೀಕ್ಷೆ ಇಲ್ಲ, ಪ್ರಶ್ನೋತ್ತರದ ಹೊರೆ ಇಲ್ಲ. ಒಂದು ಶಾಲಾ ವರ್ಷ ಮುಗಿಯುವ ಹೊತ್ತಿಗೆ ಈ ಮಕ್ಕಳು ಓದಿನಲ್ಲೂ ಕೇಳಿ ಅರ್ಥಮಾಡಿಕೊಳ್ಳುವುದರಲ್ಲೂ ಉಳಿದವರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದುವರಿದಿದ್ದರು. ಎರಡನೆಯ ವರ್ಷ ಆ ಲಾಭ ಬರವಣಿಗೆಗೂ ಹರಡಿತು. ವ್ಯಾಕರಣದ ಅಭ್ಯಾಸವನ್ನೇ ಮಾಡಿಕೊಂಡು ಬಂದ ಮಕ್ಕಳಿಗಿಂತ ಕತೆ ಓದಿಕೊಂಡು ಬಂದ ಮಕ್ಕಳು ಮುಂದಾದರು ಎಂಬ ಸಂಗತಿಯನ್ನು ಶಿಕ್ಷಕರ ತರಬೇತಿಯ ಮೊದಲ ದಿನವೇ ಹೇಳಬೇಕೆಂಬುದು ನನ್ನ ಆಸೆ. ಸುಲಭವಾದುದು, ಹೇರಳವಾಗಿ, ದಿನವೂ.

ಹಾಗೆಂದ ಮಾತ್ರಕ್ಕೆ ಪದಗಳನ್ನು ಬೇರೆಯಾಗಿ ಕಲಿಸಬಾರದು ಎಂದಲ್ಲ. ಒಂದು ಬದಿಯಲ್ಲಿ ಇಂಗ್ಲಿಷ್ ಪದ, ಇನ್ನೊಂದು ಬದಿಯಲ್ಲಿ ಕಲಿಯುವವರ ಮನೆಮಾತಿನ ಅರ್ಥ ಇರುವ ಸಣ್ಣ ರಟ್ಟಿನ ಚೀಟಿ ಇಂದಿಗೂ ಅತ್ಯುತ್ತಮ ಸಾಧನ. ಅದನ್ನು ಮರುದಿನ, ಕೆಲವು ದಿನ ಬಿಟ್ಟು, ಮತ್ತೆ ಕೆಲವು ವಾರ ಬಿಟ್ಟು ನೋಡಿಕೊಳ್ಳಬೇಕು. ಅಂತರವನ್ನು ತಾನೇ ಲೆಕ್ಕವಿಡುವ ಆ್ಯಂಕಿಯಂಥ ಆ್ಯಪ್‌ಗಳು ಮಾಡುವುದೂ ಇದನ್ನೇ. ಆದರೆ ಪಠ್ಯಪುಸ್ತಕಗಳಲ್ಲಿ ಬೇರುಬಿಟ್ಟಿರುವ ಒಂದು ಪದ್ಧತಿಯನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಬಣ್ಣಗಳೆಲ್ಲ ಒಂದೇ ಪುಟದಲ್ಲಿ, ವಾರದ ದಿನಗಳೆಲ್ಲ ಒಂದೇ ಪುಟದಲ್ಲಿ, ಲೆಫ್ಟ್ ಮತ್ತು ರೈಟ್ ಒಟ್ಟಿಗೆ ಒಂದೇ ಪಾಠದಲ್ಲಿ ಬರುತ್ತವೆ. ಹೀಗೆ ಹತ್ತಿರದ ಅರ್ಥದ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದರೊಡನೊಂದು ಕಲಸಿಹೋಗಿ ಕಲಿಕೆ ನಿಧಾನವಾಗುತ್ತದೆ ಎಂದು ಸಂಶೋಧಕರಾದ ಟಿಂಕಮ್ 1993ರಲ್ಲಿ, ವೇರಿಂಗ್ 1997ರಲ್ಲಿ ತೋರಿಸಿಕೊಟ್ಟಿದ್ದಾರೆ. ತರಗತಿಯಲ್ಲೂ ಇದನ್ನು ಕಾಣಬಹುದು: ಲೆಫ್ಟ್, ರೈಟ್ ಎರಡನ್ನೂ ಒಂದೇ ದಿನ ಕಲಿತ ಮಗುವಿಗೆ ಎರಡೂ ಪದಗಳು ಬಾಯಿಗೆ ಬರುತ್ತವೆ, ಯಾವುದು ಯಾವ ಕಡೆ ಎಂಬುದು ಮಾತ್ರ ತಿಂಗಳುಗಟ್ಟಲೆ ಗಟ್ಟಿಯಾಗುವುದಿಲ್ಲ. ಒಂದನ್ನು ಈಗ ಕಲಿಸಿ, ಅದು ನೆಲೆನಿಂತ ಮೇಲೆ ಇನ್ನೊಂದಕ್ಕೆ ಹೋಗಿ.

ನಿಘಂಟಿನ ವಿಷಯ. ಕಲಿಯುವವರಿಗೆಂದೇ ಸಿದ್ಧವಾದ ನಿಘಂಟನ್ನು ಮಾತ್ರ ಕೊಡಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು ಎರಡು ಸಾವಿರ ಪದಗಳ ಮಿತಿಯಲ್ಲೇ ವಿವರಿಸಿತು. 1987ರ ಕೋಬಿಲ್ಡ್ ನಿಘಂಟು ಅರ್ಥವನ್ನು ಪೂರ್ಣ ವಾಕ್ಯದಲ್ಲಿ ಹೇಳಿತು, ಆದ್ದರಿಂದ ಪದ ಎಂಥ ಜೊತೆಗಾರರೊಡನೆ ಬರುತ್ತದೆ ಎಂಬುದೂ ಅಲ್ಲಿಯೇ ಕಾಣುತ್ತದೆ. ಕಾಲೇಜು ಮಟ್ಟದವರಿಗೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಪಟ್ಟಿ ಉಪಯುಕ್ತ. ಶಾಸ್ತ್ರವಿಷಯಗಳ ಬರಹದಲ್ಲಿ ಸರಿಸುಮಾರು ಹತ್ತನೆಯ ಒಂದು ಭಾಗ ಆ ಪದಗಳೇ. ಮೊದಲ ಎರಡು ಸಾವಿರ ಪದ ಕೈವಶವಾಗದವರಿಗೆ ಅದನ್ನು ಕೊಡಬೇಡಿ.

ಸಮಯ ಮುಗಿಯುತ್ತಾ ಬಂತೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಬರವಣಿಗೆಯ ಬಗ್ಗೆ ಹೇಳಬೇಕಾದ್ದು ಇನ್ನೂ ಬಹಳವಿತ್ತು, ಎರಡೇ ಮಾತು ಹೇಳುತ್ತೇನೆ. ಖಾಲಿ ಹಾಳೆ ಕೊಟ್ಟು ಪ್ರಬಂಧ ಬರೆಯಿರಿ ಎನ್ನುವ ಬದಲು ಡಿಕ್ಟೊಗ್ಲಾಸ್ ಮಾಡಿಸಿ. ಒಂದು ಚಿಕ್ಕ ಸುಲಭ ಪಠ್ಯವನ್ನು ಸಹಜ ವೇಗದಲ್ಲಿ ಎರಡು ಸಲ ಓದಿ ಹೇಳುವುದು, ಕಿವಿಗೆ ಬಿದ್ದ ಮುಖ್ಯ ಪದಗಳನ್ನು ಗುರುತು ಹಾಕಿಕೊಂಡ ಮಕ್ಕಳು ಗುಂಪಾಗಿ ಕುಳಿತು ಅದನ್ನು ಮತ್ತೆ ಕಟ್ಟುವುದು, ಕೊನೆಗೆ ತಮ್ಮದನ್ನು ಮೂಲದೊಡನೆ ಹೋಲಿಸಿ ನೋಡುವುದು. ತಪ್ಪು ಎಲ್ಲಿದೆ ಎಂಬುದನ್ನು ಆಗ ಅವರೇ ಕಾಣುತ್ತಾರೆ. ಎರಡನೆಯದಾಗಿ, ಹಾಳೆಯ ತುಂಬ ಕೆಂಪು ಶಾಯಿ ಹರಿಸಬೇಡಿ. ಒಂದು ಬರಹದಲ್ಲಿ ಒಂದೆರಡು ಬಗೆಯ ತಪ್ಪುಗಳನ್ನಷ್ಟೇ ಗುರುತಿಸಿ, ಅದೇ ಬರಹವನ್ನು ಮತ್ತೊಮ್ಮೆ ಬರೆಸಿ.

ಸಭಾಂಗಣದ ಹಿಂದಿನ ಮೇಜಿನ ಮೇಲೆ ಬೇರೆ ಬೇರೆ ಮಟ್ಟದ ಓದುಪುಸ್ತಕಗಳನ್ನು ಇಟ್ಟಿದ್ದೇನೆ. ವಿರಾಮದಲ್ಲಿ ಒಂದೊಂದು ಪುಸ್ತಕ ತೆಗೆದುಕೊಂಡು, ನಿಮ್ಮ ತರಗತಿಯ ಒಬ್ಬ ಸಾಧಾರಣ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಪುಟದಲ್ಲಿ ಅವರಿಗೆ ಗೊತ್ತಿರದ ಪದಗಳು ಎಷ್ಟಿವೆ ಎಂದು ಎಣಿಸಿ. 250 ಪದಕ್ಕೆ ಐದಕ್ಕಿಂತ ಹೆಚ್ಚು ಬಂದರೆ ಅದಕ್ಕಿಂತ ಕೆಳಗಿನ ಮಟ್ಟದ್ದನ್ನು ಎತ್ತಿಕೊಳ್ಳಿ. ಯಾವ ಮಟ್ಟದಲ್ಲಿ ನಿಂತಿರಿ ಎಂಬುದನ್ನು ಬರೆದು ತಂದರೆ ಪ್ರಶ್ನೋತ್ತರವನ್ನು ಅಲ್ಲಿಂದಲೇ ಆರಂಭಿಸೋಣ. ನಮಸ್ಕಾರ.