ಪಡಸಾಲೆಯ ಹಳೆ ಆಯಿಲ್ ಪೇಂಟ್

ಕೇಳುಗರಿಗೆ ನಮಸ್ಕಾರ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಳೆ ಮನೆಗಳ ಪಡಸಾಲೆ ನೆನಪಿಸಿಕೊಳ್ಳಿ. ನೆಲದಿಂದ ಎದೆಮಟ್ಟದವರೆಗೆ ಹೊಳೆಯುವ ಹಸಿರು ಇಲ್ಲವೇ ಕಂದು ಆಯಿಲ್ ಪೇಂಟ್, ಮೂಲೆಯಲ್ಲಿ ಗಾಜಿನ ಶೋಕೇಸು, ಕಿಟಕಿಗೆ ಮೆರೂನ್ ಮಖಮಲ್ ಪರದೆ. ಕೋಣೆಗೆ ಕತ್ತಲು ಕವಿದಂತೆ ಕಾಣುವುದು ಹೆಚ್ಚಾಗಿ ಆ ಗೋಡೆಯಿಂದಲೇ. ಖರ್ಚು ಮಾಡುವುದಾದರೆ ಮೊದಲು ಅಲ್ಲಿ ಮಾಡಿ.

ಬಣ್ಣ ಗುಳ್ಳೆ ಎದ್ದಿದೆಯೇ ನೋಡಿ. ನೆಲದ ತೇವ ಸವಳಿನ ಸಮೇತ ಗಿಲಾವಿನೊಳಗೆ ಏರುತ್ತದೆ. ಆಯಿಲ್ ಪೇಂಟ್ ಅದನ್ನು ಹೊರಬಿಡುವುದಿಲ್ಲ, ಕಡೆಗೆ ತಾನೇ ಕಿತ್ತೇಳುತ್ತದೆ. ಬಣ್ಣ ಕೆರೆದ ಜಾಗಕ್ಕೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಗೋಡೆ ಕಡೆಯ ಮುಖದಲ್ಲಿ ಹನಿ ಕಟ್ಟಿದರೆ ಗೋಡೆ ಹಸಿ ಇದೆ. ಗೋಡೆ ನಯವಾಗಲು ಬಳಿಯುವ ಪುಟ್ಟಿ ಅದಕ್ಕೆ ಬೇಡ. ಗೌಂಡಿಯಿಂದ ಗಿಲಾವು ಸರಿಮಾಡಿಸಿ ಸುಣ್ಣವನ್ನೇ ಹೊಡೆಸಿ. ಸುಣ್ಣದ ಮೂಲಕ ತೇವ ಆರಿಹೋಗುತ್ತದೆ.

ಒಣಗೋಡೆ ಆದರೂ ಹಳೆ ಬಣ್ಣದ ಮೇಲೆಯೇ ಪುಟ್ಟಿ ಎಳೆಯಲು ಒಪ್ಪಬೇಡಿ. ನುಣುಪಿಗೆ ಪುಟ್ಟಿ ಹಿಡಿಯದೆ ಹಪ್ಪಳದಂತೆ ಕಳಚುತ್ತದೆ. ಗಿಲಾವು ಕಾಣುವವರೆಗೆ ಕೆರೆಸಲೇಬೇಕು. ಇಲ್ಲಿ ಒಂದು ಎಚ್ಚರ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಆ ಧೂಳು ಮಕ್ಕಳಿಗೆ ವಿಷ. ದಯವಿಟ್ಟು ಮಕ್ಕಳನ್ನೂ ಬಸುರಿಯರನ್ನೂ ಬೇರೆ ಕಡೆ ಕಳಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಗೋಡೆಗೆ ನೀರು ಚಿಮುಕಿಸುತ್ತ ಕೆರೆಸಿ. ಆಮೇಲೆ ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬಿಳಿ ಸಿಮೆಂಟಿನ ಪುಟ್ಟಿಗೆ ಕಿಲೋಗೆ 350ರಿಂದ 400 ಮಿಲಿ ನೀರು ಸಾಕು. ಕಲಸಿದ್ದನ್ನು ಎರಡು ತಾಸಿನೊಳಗೆ ಮುಗಿಸಿ. ನಮ್ಮ ಬಿಸಿಲಿಗೆ ಕಾದ ಗೋಡೆ ಪುಟ್ಟಿಯ ನೀರನ್ನೆಲ್ಲ ಹೀರಿಬಿಡುತ್ತದೆ, ಕೈಯಿಟ್ಟರೆ ಪುಡಿ ಉದುರುತ್ತದೆ. ಅದಕ್ಕೇ ಗೋಡೆ ನೆನೆಸಿ, ಬೆಳಿಗ್ಗೆಯೇ ಹಚ್ಚಿಸಿ. ಎರಡೂ ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ದಾಟದಿರಲಿ. ಒಣಗಿದ ಮೇಲೆ 180 ನಂಬರಿನ ಪಾಲಿಶ್ ಪೇಪರ್, ಪ್ರೈಮರ್, ಕೆನೆಬಣ್ಣದ ಎಮಲ್ಷನ್ ಎರಡು ಕೋಟ್.

ಮಖಮಲ್ ಪರದೆಯನ್ನು ಪಡುವಣ ಕಿಟಕಿಗೆ ಮಾತ್ರ ಉಳಿಸಿಕೊಳ್ಳಿ, ಮಧ್ಯಾಹ್ನದ ಬಿಸಿಲಿಗೆ ಅದು ಬೇಕು. ಉಳಿದವಕ್ಕೆ ಬಿಳಿ ಹತ್ತಿಬಟ್ಟೆ, ಕಿಟಕಿಯ ಅಗಲದ ಎರಡರಷ್ಟು. ಹೊಲಿಸುವ ಮೊದಲೇ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ.

ಶೋಕೇಸಿನ ಪ್ಲಾಸ್ಟಿಕ್ ಹೂ ತೆಗೆದು, ಕೊಪ್ಪಳದ ಹತ್ತಿರದ ಕಿನ್ನಾಳದ ಒಂದೆರಡು ಮರದ ಗೊಂಬೆ ಇಡಿ. ಅವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬಣ್ಣದ ಕೆಳಗಿನ ಲೇಪಕ್ಕೆ ಹುಣಸೆಬೀಜದ ಅಂಟು ಹಾಕಿರುತ್ತಾರೆ, ನೀರು ತಾಗಿದರೆ ಮೆತ್ತಗಾಗುತ್ತದೆ. ಒಣ ಬ್ರಷ್ ಸಾಕು.